ಈ ಸಲ ಬನ್ನಿ ಕೈಗೆ ಕೊಡೋದಾ, ದೂರದಿಂದ ಹೇಳೋದಾ?

ಪೇಡೆ ಪ್ರಿಯ | 18 ಅಕ್ಟೋಬರ್ 2020, ಬೆಳಿಗ್ಗೆ 9:10

ನಮ್ಮದು ಧಾರವಾಡದ ಹತ್ತಿರ ಒಂದು ಹಳ್ಳಿ. ಕೆಲಸ ಬೆಂಗಳೂರಲ್ಲಿ. ಕೊರೊನಾದಿಂದಾಗಿ ಮಾರ್ಚ್‌ನಿಂದ ಊರಿಗೆ ಹೋಗಿಲ್ಲ. ನಾಳೆ ರಾತ್ರಿ ಬಸ್ಸಿಗೆ ಹೊರಟಿದ್ದೇನೆ. ಮನೆಯಲ್ಲಿ ಅಜ್ಜಿ ಇದ್ದಾಳೆ, 84 ವರ್ಷ.

ಮೈಸೂರು ಕಡೆಯವರಿಗೆ ದಸರಾ ಅಂದರೆ ಆನೆ, ಅಂಬಾರಿ. ನಮ್ಮ ಕಡೆ ಹಾಗಲ್ಲ. ನಮಗೆ ಆ ದಿನದ ಸಂಜೆ ಬನ್ನಿ ಮುಡಿಯೋದೇ ಹಬ್ಬ. ಮನೆ ಮನೆಗೆ ಹೋಗುತ್ತೇವೆ. ಕೈಗೆ ಎಲೆ ಕೊಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೋಣ" ಅನ್ನುತ್ತೇವೆ. ಹಿರಿಯರ ಕಾಲು ಮುಟ್ಟುತ್ತೇವೆ, ಓರಗೆಯವರನ್ನು ಅಪ್ಪಿಕೊಳ್ಳುತ್ತೇವೆ. ಬದುವಿನ ಜಗಳದಲ್ಲಿ ಮಾತು ಬಿಟ್ಟವರೂ ಅವತ್ತು ಎಲೆ ಕೊಟ್ಟರೆ ಮುಗಿಯಿತು, ಮರುದಿನದಿಂದ ಮಾತು ಶುರು. ಒಂದು ಸಂಜೆಗೆ ಏನಿಲ್ಲ ಅಂದರೂ ಐವತ್ತು ಮನೆ. ಅಂದರೆ ಇನ್ನೂರು ಜೋಡಿ ಕೈ.

ಇನ್ನು ಅಜ್ಜಿ. ಅವಳು ಎಲೆ ತಗೊಂಡು ಸುಮ್ಮನಾಗುವವಳಲ್ಲ. ಎರಡೂ ಕೆನ್ನೆ ಸವರಿ, ಬೆರಳು ಮಡಚಿ, ತನ್ನ ಕಣತಲೆಗೆ ಒತ್ತಿ ಲಟಿಕೆ ಮುರಿಯುತ್ತಾಳೆ. ಲಟಿಕೆ ಜಾಸ್ತಿ ಬಂದರೆ ಅಷ್ಟು ದೃಷ್ಟಿ ಆಗಿತ್ತು ಅಂತ ಲೆಕ್ಕ. ಆಫೀಸಿನಲ್ಲಿ ಕೇಳಿದರೆ ಎಲ್ಲರೂ "ದೂರದಿಂದ ನಮಸ್ಕಾರ ಮಾಡು, ಅಷ್ಟೇ" ಅನ್ನುತ್ತಾರೆ. ಅದು ಅಷ್ಟು ಸುಲಭವಾ?

ಅರಮನೆ ರಸ್ತೆ | 18 ಅಕ್ಟೋಬರ್, 9:42

ಸುಲಭವೇ ಸ್ವಾಮಿ. ಜಗತ್ತಿಗೆ ಜಗತ್ತೇ ಈಗ ನಮಸ್ಕಾರ ಕಲಿತಿದೆ. ಮಾರ್ಚ್‌ನಲ್ಲಿ ವೈಟ್ ಹೌಸ್‌ನಲ್ಲಿ ಟ್ರಂಪ್ ಮತ್ತು ಐರ್ಲೆಂಡ್ ಪ್ರಧಾನಿ ವರಾಡ್ಕರ್ ಇಬ್ಬರೂ ಕೈ ಮುಗಿದರು. ಫ್ರಾನ್ಸ್‌ನ ಮ್ಯಾಕ್ರಾನ್ ಸ್ಪೇನ್ ರಾಜನಿಗೆ ಕೈ ಮುಗಿದರು. ಬ್ರಿಟನ್ನಿನ ರಾಜಕುಮಾರ ಚಾರ್ಲ್ಸ್ ಕೈ ಚಾಚಿ, ಆಮೇಲೆ ನೆನಪಾಗಿ ಹಿಂದಕ್ಕೆ ಎಳೆದುಕೊಂಡು ನಮಸ್ಕಾರ ಮಾಡಿದ ವಿಡಿಯೋ ನೋಡಿಲ್ವಾ? ನಮ್ಮ ಹಿರಿಯರಿಗೆ ಇದೆಲ್ಲ ಮೊದಲೇ ಗೊತ್ತಿತ್ತು. ಎರಡು ಅಂಗೈ ಸೇರಿಸಿದರೆ ಬೆರಳ ತುದಿಯ ನರಗಳು ಒತ್ತಿ ನೆನಪಿನ ಶಕ್ತಿಯೂ ಹೆಚ್ಚುತ್ತದೆ ಅಂತ ಓದಿದ್ದೇನೆ.

ಜಂಬೂಸವಾರಿಯೇ ಈ ಸಲ ಅರಮನೆ ಆವರಣದ ಒಳಗೆ, ಬರೀ 300 ಜನರ ಮುಂದೆ. ಅಭಿಮನ್ಯುಗೆ ಮೊದಲ ಸಲ ಅಂಬಾರಿ. ಅದನ್ನೇ ನಾವು ಟಿವಿಯಲ್ಲಿ ನೋಡುತ್ತೇವೆ. ನೀವು ಒಂದು ವರ್ಷ ಎಲೆ ಬಿಡೋಕೆ ಆಗಲ್ವಾ?

ನೈಟ್ ಡ್ಯೂಟಿ | 18 ಅಕ್ಟೋಬರ್, 11:05

ನಾನು ಕಲಬುರಗಿಯಲ್ಲಿ ನರ್ಸ್. ದೇಶದಲ್ಲಿ ಕೊರೊನಾದಿಂದ ಮೊದಲು ತೀರಿಕೊಂಡವರು ನಮ್ಮ ಊರಿನವರೇ, ಮಾರ್ಚ್ 10ಕ್ಕೆ. ಆ ವಾರದಿಂದ ಈ "ಹೇಗೆ ಮಾತಾಡಿಸೋದು" ಅನ್ನೋದನ್ನು ದಿನಾ ನೋಡುತ್ತಿದ್ದೇನೆ.

ಅರಮನೆ ರಸ್ತೆ ಅವರೇ, ಅದೇ ಚಾರ್ಲ್ಸ್‌ಗೆ ನಮಸ್ಕಾರ ಮಾಡಿದ ಎರಡು ವಾರದಲ್ಲಿ ಕೊರೊನಾ ಬಂತು! ನರದ ಕಥೆ ವಾಟ್ಸ್‌ಆ್ಯಪ್‌ನಲ್ಲೇ ಇರಲಿ. ನಮಸ್ಕಾರದಲ್ಲಿ ನನಗೆ ಕಾಣುವ ಲಾಭ ಒಂದೇ. ನಿಮ್ಮ ಎರಡು ಕೈ ನಿಮ್ಮ ಹತ್ತಿರವೇ ಇರುತ್ತವೆ. ಅದೇ ದೊಡ್ಡದು, ಬೇಡ ಅನ್ನಲ್ಲ. ಆದರೆ ಜನ ಏನು ಮಾಡುತ್ತಾರೆ ಗೊತ್ತಾ? ನಮಸ್ಕಾರ ಮಾಡುವಾಗ ಮಾಸ್ಕ್ ಗದ್ದಕ್ಕೆ ಇಳಿಸುತ್ತಾರೆ. ನಗು ಕಾಣಲಿ ಅಂತ! ವಾರ್ಡಿನ ಬಾಗಿಲಲ್ಲಿ ದಿನಕ್ಕೆ ಹತ್ತು ಸಲ ಇದನ್ನೇ ಹೇಳಿ ಹೇಳಿ ಸಾಕಾಗಿದೆ. ಕೈ ಮುಗಿದು, ಮಾಸ್ಕ್ ಇಳಿಸಿ, ಒಂದು ಅಡಿ ಹತ್ತಿರ ಬಂದು "ಹೆಂಗದೀರಿ ಸಿಸ್ಟರ್" ಅಂದರೆ ಆ ಕೈ ಮುಗಿದದ್ದು ಯಾಕೆ?

ಪೇಡೆ ಪ್ರಿಯ ಅವರಿಗೆ: ಎಲೆಗೆ ಅಷ್ಟು ಹೆದರಬೇಡಿ. ಎಲೆ ತಗೊಂಡ ಮೇಲೆ ಮುಖ ಮುಟ್ಟದೆ ಸಾಬೂನಿನಿಂದ 20 ಸೆಕೆಂಡ್ ಕೈ ತೊಳೆಯಿರಿ. ಭಯ ಇರುವುದು ಅಪ್ಪಿಕೊಳ್ಳುವುದರಲ್ಲಿ. ಅಪ್ಪಿಕೊಂಡಾಗ ನಿಮ್ಮ ಬಾಯಿ ಎದುರಿನವರ ಕಿವಿಯ ಹತ್ತಿರ ಇರುತ್ತದೆ. ಅದಕ್ಕಿಂತ ಜಾಸ್ತಿ ಭಯ, ಎಲೆ ಕೊಟ್ಟ ಮೇಲೆ "ಬರ್ರಿ, ಒಳಗ ಕೂಡ್ರಿ" ಅಂದು ಫಳಾರದ ತಾಟು ಇಡುತ್ತಾರಲ್ಲ, ಅದರಲ್ಲಿ. ಮುಚ್ಚಿದ ಕೋಣೆ, ಎಂಟು ಜನ, ಎಲ್ಲರ ಮಾಸ್ಕ್ ಜೇಬಲ್ಲಿ. ಕಟ್ಟೆ ಮೇಲೆ ನಿಂತು ಮಾತಾಡಿಸಿ, ಮುಂದೆ ಹೋಗಿ.

ಇನ್ನೊಂದು. ರಾತ್ರಿ ಬಸ್ಸಿಂದ ಇಳಿದವರು ನೇರ ಅಜ್ಜಿಯ ಮುಂದೆ ಕೂರಬೇಡಿ. ಲಕ್ಷಣ ಕಾಣಿಸೋಕೆ ಸಾಮಾನ್ಯವಾಗಿ ಐದಾರು ದಿನ ಹಿಡಿಯುತ್ತದೆ, ಕೆಲವರಿಗೆ 14 ದಿನದವರೆಗೆ. ಹೊರಗಿನ ಕೋಣೆ ಇದ್ದರೆ ಅಲ್ಲೇ ಮಲಗಿ. ಲಟಿಕೆ ಮುಂದಿನ ವರ್ಷಕ್ಕೆ ಇರಲಿ.

ಡಚ್ ಮಳೆ | 18 ಅಕ್ಟೋಬರ್, ಮಧ್ಯಾಹ್ನ 1:30

ನೆದರ್‌ಲೆಂಡ್ಸ್‌ನಿಂದ. ಇಲ್ಲಿ ಮಾರ್ಚ್ 9ಕ್ಕೆ ಪ್ರಧಾನಿ ರುಟ್ಟೆ ಟಿವಿ ಮುಂದೆ ಬಂದು "ಇವತ್ತಿನಿಂದ ಕೈ ಕುಲುಕೋದು ನಿಲ್ಲಿಸಿ" ಅಂದರು. ಮಾತು ಮುಗಿಸಿ ತಿರುಗಿ ಪಕ್ಕದಲ್ಲಿದ್ದ ಸಾಂಕ್ರಾಮಿಕ ರೋಗದ ದೊಡ್ಡ ಅಧಿಕಾರಿಯ ಕೈ ಕುಲುಕಿಯೇ ಬಿಟ್ಟರು! ಆಮೇಲೆ ಇಬ್ಬರೂ ನಕ್ಕು ಮೊಣಕೈ ತಾಗಿಸಿದರು. ನಾವು ಮನೆಯಲ್ಲಿ ಬಿದ್ದು ಬಿದ್ದು ನಕ್ಕೆವು. ಮರುದಿನ ಆಫೀಸಲ್ಲಿ ನಾನೂ ಅದನ್ನೇ ಮಾಡಿದೆ.

ಇಲ್ಲಿ ಹುಟ್ಟುಹಬ್ಬಕ್ಕೆ ಹೋದರೆ ಹುಟ್ಟಿದವರಿಗೆ ಮಾತ್ರ ಶುಭಾಶಯ ಹೇಳಿದರೆ ಸಾಲದು. ಗುಂಡಗೆ ಕೂತ ಎಲ್ಲರಿಗೂ, ಅವರ ಅತ್ತೆಗೂ, ಪಕ್ಕದ ಮನೆಯವರಿಗೂ ಒಬ್ಬೊಬ್ಬರಿಗಾಗಿ ಕೈ ಕುಲುಕಬೇಕು. ಪರಿಚಯದವರಾದರೆ ಕೆನ್ನೆಗೆ ಮೂರು ಮುತ್ತು. ಬಂದ ಹೊಸದರಲ್ಲಿ ನನಗೆ ಇದು ದೊಡ್ಡ ಕಾಟ ಆಗಿತ್ತು. ಈಗ ಇಲ್ಲ. ಖುಷಿ ಆಗಬೇಕಿತ್ತು, ಆಗಲಿಲ್ಲ. ಏಳು ತಿಂಗಳಾಯಿತು, ಹೆಂಡತಿ ಮಗಳನ್ನು ಬಿಟ್ಟರೆ ಒಬ್ಬರನ್ನೂ ಮುಟ್ಟಿಲ್ಲ.

ಮೊಣಕೈ ಬಗ್ಗೆ ಒಂದು ಮಾತು. ಕೆಮ್ಮು, ಸೀನು ಬಂದರೆ ಮೊಣಕೈ ಮಡಚಿ ಅದರೊಳಗೆ ಅಂತಾರೆ. ನಮಸ್ಕಾರವೂ ಮೊಣಕೈಯಿಂದಲೇ ಅಂತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಟೆಡ್ರೋಸ್ ಮಾರ್ಚ್‌ನಲ್ಲೇ ಇದು ಬೇಡ ಅಂದಿದ್ದರು, ಮೊಣಕೈ ತಾಗಿಸೋಕೆ ಒಂದು ಮೀಟರ್ ಒಳಗೆ ಬರಲೇಬೇಕಲ್ಲ ಅಂತ. ಅವರು ಎದೆ ಮೇಲೆ ಕೈ ಇಟ್ಟುಕೊಳ್ಳುತ್ತಾರಂತೆ. ಮುಷ್ಟಿ ತಾಗಿಸೋದು ಕೈ ಕುಲುಕೋದಕ್ಕಿಂತ ಎಷ್ಟೋ ವಾಸಿ ಅಂತ 2014ರಲ್ಲಿ ವೇಲ್ಸ್‌ನ ಅಬರಿಸ್ಟ್‌ವಿತ್ ವಿಶ್ವವಿದ್ಯಾಲಯದವರು ತೋರಿಸಿದ್ದರು. ಕೈಗವಸಿಗೆ ಬ್ಯಾಕ್ಟೀರಿಯಾ ಹಚ್ಚಿ ನೋಡಿದ ಪ್ರಯೋಗ ಅದು. ಆದರೆ ಕೊರೊನಾ ಮುಖ್ಯವಾಗಿ ಉಸಿರಿನಿಂದ ಬರುವಾಗ ಮುಷ್ಟಿಯಾದರೇನು, ಅಂಗೈಯಾದರೇನು, ಹತ್ತಿರ ಬಂದ ಮೇಲೆ ಮುಗೀತು.

ಶೀರ್ ಖುರ್ಮಾ | 18 ಅಕ್ಟೋಬರ್, ಸಂಜೆ 6:15

ಹುಬ್ಬಳ್ಳಿಯಿಂದ ಸಲಾಂ. ಪೇಡೆ ಪ್ರಿಯ ಅಣ್ಣಾ, ನಿಮ್ಮ ಈ ಪರೀಕ್ಷೆ ನಾವು ಮೇ 25ಕ್ಕೇ ಬರೆದು ಮುಗಿಸಿದ್ದೇವೆ.

ಈದ್ ಅಂದರೆ ಈದ್ಗಾದಲ್ಲಿ ನಮಾಜ್, ಮುಗಿದ ಕೂಡಲೇ ಅಕ್ಕಪಕ್ಕದವರನ್ನು ಮೂರು ಸಲ ಅಪ್ಪಿಕೊಳ್ಳೋದು. ಗುರುತು ಪರಿಚಯ ಬೇಕಿಲ್ಲ. ಈ ಸಲ ಮನೆ ಮಾಳಿಗೆ ಮೇಲೆ ನಾನು, ಅಬ್ಬಾ, ತಮ್ಮ, ಮೂರೇ ಜನ ನಮಾಜ್ ಮಾಡಿದೆವು. ಮುಗಿದ ಮೇಲೆ ಅಬ್ಬಾ ಎರಡೂ ಕೈ ಚಾಚಿ ನಿಂತುಬಿಟ್ಟರು. ಅವರಿಗೆ ಸಕ್ಕರೆ ಕಾಯಿಲೆ. ನಾನು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವವನು, ದಿನಾ ನೂರು ಗಿರಾಕಿ. ನಾನು ಎದೆ ಮೇಲೆ ಕೈ ಇಟ್ಟು ತಲೆ ಬಾಗಿಸಿದೆ. ಅವರಿಗೆ ಅರ್ಥ ಆಯಿತು. ಆದರೂ ಕೈ ಇಳಿಸೋಕೆ ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟು ಹೊತ್ತು ನಾನು ಕೆಳಗೆ ನೋಡುತ್ತಾ ನಿಂತಿದ್ದೆ.

ಬಕ್ರೀದ್‌ಗೆ ರೂಢಿ ಆಗಿತ್ತು. ಎಲ್ಲರೂ ಮೊದಲೇ ಎದೆ ಮೇಲೆ ಕೈ ಇಟ್ಟುಕೊಂಡೇ ಬಂದರು. ಅದಕ್ಕೇ ಹೇಳೋದು, ಮೊದಲೇ ಫೋನ್ ಮಾಡಿ ಹೇಳಿಬಿಡಿ. ಬಾಗಿಲಿಗೆ ಬಂದ ಮೇಲೆ ಕೈ ಹಿಂದೆ ತಗೊಂಡರೆ ನೋವಾಗುತ್ತದೆ.

ಪೇಡೆ ಪ್ರಿಯ | 18 ಅಕ್ಟೋಬರ್, 6:40

ಇದು ಒಳ್ಳೇ ಮಾತು. ಇವತ್ತೇ ಫೋನ್ ಮಾಡುತ್ತೇನೆ.

ಕಾಫಿ ಹೂವು | 18 ಅಕ್ಟೋಬರ್, ರಾತ್ರಿ 8:20

ಕೊಡಗಿನಲ್ಲಿ ನಾವು ಹಿರಿಯರ ಪಾದ ಮೂರು ಸಲ ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತೇವೆ. ಸೆಪ್ಟೆಂಬರ್ 3ಕ್ಕೆ ನಮ್ಮ ಕೈಲ್‌ಪೊಳ್ದ್ ಹಬ್ಬದ ದಿನ ಚಿಕ್ಕಪ್ಪ ಹೊಸ್ತಿಲ ಒಳಗೆ, ನಾನು ಅಂಗಳದಲ್ಲಿ. ನೆಲ ಮುಟ್ಟಿ ಹಣೆಗೆ ಒತ್ತಿಕೊಂಡೆ. ಅವರು ಒಳಗಿಂದಲೇ ಆಶೀರ್ವಾದ ಮಾಡಿದರು. ನಡೆಯುತ್ತೆ. ಚಿಕ್ಕಪ್ಪ ಮಾತ್ರ "ಮಣ್ಣಿಗೇ ಹರಸಿದ ಹಾಗಾಯಿತು" ಅಂತ ಗೊಣಗಿದರು.

ಬಿಳಿಕೋಲು | 19 ಅಕ್ಟೋಬರ್, ಬೆಳಿಗ್ಗೆ 7:50

ನನಗೆ ಕಣ್ಣು ಕಾಣಲ್ಲ. ಫೋನ್ ಓದಿ ಹೇಳುತ್ತದೆ, ಹಾಗೆ ನಿಮ್ಮೆಲ್ಲರ ಮಾತು ಕೇಳಿಸಿಕೊಂಡೆ. ನಮಸ್ಕಾರ ಒಳ್ಳೆಯದೇ. ನೀವು ಮಾಡಿದ್ದು ನನಗೆ ಗೊತ್ತಾಗೋದು ಹೇಗೆ?

ಮೊದಲೆಲ್ಲ ಯಾರಾದರೂ ಬಂದರೆ ಕೈ ಹಿಡಿಯುತ್ತಿದ್ದರು. ಕೈ ಹಿಡಿದರೆ ಅರ್ಧ ವಿಷಯ ತಿಳಿಯುತ್ತದೆ. ಯಾರು, ಎಷ್ಟು ಎತ್ತರ, ಅವಸರದಲ್ಲಿ ಇದ್ದಾರಾ, ಕೈ ನಡುಗುತ್ತಿದೆಯಾ. ಈಗ ಜನ ಎದುರು ಬಂದು ಕೈ ಮುಗಿದು, ನಾನು ಏನೂ ಹೇಳಲಿಲ್ಲ ಅಂತ ಬೇಜಾರಾಗಿ ಹೋಗುತ್ತಾರಂತೆ! ಪಕ್ಕದವರು ಆಮೇಲೆ ಹೇಳುತ್ತಾರೆ. ಮಾಸ್ಕ್ ಒಳಗಿಂದ ದನಿಯೂ ಬದಲಾಗಿರುತ್ತದೆ, ಎಷ್ಟೋ ಸಲ ಗುರುತೇ ಸಿಗಲ್ಲ.

ಇನ್ನೊಂದು ವಿಷಯ ಯಾರಿಗೂ ಹೊಳೆದಿರಲಿಕ್ಕಿಲ್ಲ. ರಸ್ತೆ ದಾಟುವಾಗ ನಾವು ಕಣ್ಣಿರುವವರ ಮೊಣಕೈ ಹಿಡಿದು ನಡೆಯುತ್ತೇವೆ. ಅದನ್ನು ತರಬೇತಿಯಲ್ಲೇ ಕಲಿಸುತ್ತಾರೆ. ಈಗ ಊರವರೆಲ್ಲ ಕೆಮ್ಮುವುದು ಅದೇ ಮೊಣಕೈಗೆ. ಹಿಡಿಯಲಾ ಬಿಡಲಾ? ಈಗ ಕೆಲವು ಕಡೆ ಹೆಗಲು ಹಿಡಿದು ಒಂದು ಹೆಜ್ಜೆ ಹಿಂದೆ ನಡೆಯುತ್ತೇನೆ. ಕೆಲವರು ಮುಟ್ಟೋಕೇ ಬಿಡಲ್ಲ, "ಬಲಕ್ಕೆ ಬನ್ನಿ, ಎಡಕ್ಕೆ ಬನ್ನಿ" ಅಂತ ದೂರದಿಂದ ಕೂಗುತ್ತಾರೆ, ಎತ್ತು ಹೊಡೆದ ಹಾಗೆ.

ಕೇಳಿಕೊಳ್ಳುವುದು ಇಷ್ಟೇ. ಕೈ ಮುಗಿದರೆ ಬಾಯಲ್ಲೂ ಹೇಳಿ. "ನಮಸ್ಕಾರ, ನಾನು ಇಂಥವನು" ಅಂತ ಹೆಸರು ಸೇರಿಸಿ.

ನೈಟ್ ಡ್ಯೂಟಿ | 19 ಅಕ್ಟೋಬರ್, 8:30

ಸರ್, ನಿಜವಾಗಿಯೂ ಹೊಳೆದಿರಲಿಲ್ಲ. ಪಿಪಿಇ ಕಿಟ್ ಹಾಕಿದರೆ ನಾವೂ ಯಾರಿಗೂ ಗುರುತು ಸಿಗಲ್ಲ. ಅದಕ್ಕೇ ಎದೆ ಮೇಲೆ ಹೆಸರು ಬರೆದುಕೊಳ್ಳುತ್ತೇವೆ. ಓದಲು ಬಾರದ ಪೇಷಂಟ್ ಇದ್ದರೆ ಹಾಸಿಗೆ ಹತ್ತಿರ ಹೋದ ಕೂಡಲೇ ಹೆಸರು ಹೇಳುವುದು ನನಗೂ ರೂಢಿ ಆಯಿತು.

ಅರಮನೆ ರಸ್ತೆ | 19 ಅಕ್ಟೋಬರ್, 9:15

ಬಿಳಿಕೋಲು ಅವರ ಮಾತು ಸರಿ. ಆದರೂ ಒಟ್ಟಾರೆ ನೋಡಿದರೆ ಮುಟ್ಟದೆ ಗೌರವ ತೋರಿಸೋದು ನಮ್ಮ ಸಂಸ್ಕೃತಿಯ ದೊಡ್ಡತನ ಅಲ್ವಾ? ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳೋಣ.

ಹಲಗೆ ಸದ್ದು | 19 ಅಕ್ಟೋಬರ್, ಮಧ್ಯಾಹ್ನ 12:10

ಮುಟ್ಟದೆ ಇರೋದರಲ್ಲಿ ನಮ್ಮ ಊರು ಮೊದಲಿನಿಂದಲೂ ಮುಂದೆ. ನಾನು ಚಿಕ್ಕವನಿದ್ದಾಗ ಅಂಗಡಿಯವನು ಚಿಲ್ಲರೆಯನ್ನು ನನ್ನ ಅಂಗೈಗೆ ಮೇಲಿಂದ ಬಿಡುತ್ತಿದ್ದ. ಒಂದು ಗೇಣು ಎತ್ತರದಿಂದ. ತಪ್ಪಿ ಬಿದ್ದರೆ ಮಣ್ಣಿನಲ್ಲಿ ಹುಡುಕಬೇಕು. ಹೋಟೆಲಿನಲ್ಲಿ ನಮ್ಮ ಲೋಟ ಬೇರೆ, ಅದು ಹೊರಗಿನ ಗೂಡಿನಲ್ಲಿ. ನೀರನ್ನು ಬೊಗಸೆಗೆ ಮೇಲಿಂದ ಹೊಯ್ಯುತ್ತಿದ್ದರು. ಅವರೂ ಎದುರು ಯಾರಾದರೂ ದೊಡ್ಡವರು ಬಂದರೆ ಚೆನ್ನಾಗಿಯೇ ಕೈ ಮುಗಿಯುತ್ತಿದ್ದರು.

ಪಿಯುಸಿಗೆ ಹಾಸ್ಟೆಲ್ ಸೇರಿದ ದಿನ ವಾರ್ಡನ್ ಎದ್ದು ನಿಂತು ಕೈ ಚಾಚಿದರು. ಏನು ಮಾಡಬೇಕು ಅಂತ ಗೊತ್ತಾಗದೆ ಎರಡೂ ಕೈ ಕೊಟ್ಟೆ. ಅವರು ನಗಲಿಲ್ಲ, ಎರಡನ್ನೂ ಹಿಡಿದು ಕುಲುಕಿದರು. ಕೈ ಕುಲುಕೋದು ಇಂಗ್ಲಿಷರದ್ದು ಅಂತ ಬೈಯುವವರಿಗೆ ಅದು ಬರೀ ಫ್ಯಾಶನ್. ನನಗೆ ಹಾಗಲ್ಲ.

ರೋಗ ಇದೆ, ದೂರ ಇರಬೇಕು, ಒಪ್ಪುತ್ತೇನೆ. ನಾನೂ ಯಾರಿಗೂ ಕೈ ಕೊಡುತ್ತಿಲ್ಲ. ಆದರೆ "ಸಾಮಾಜಿಕ ಅಂತರ" ಅನ್ನೋ ಮಾತು ಮೈಕಿನಲ್ಲಿ ಕೂಗಿಕೊಂಡು ಆಟೋ ಬಂದಾಗ ನಮ್ಮ ಕೇರಿಯ ಮುದುಕರೊಬ್ಬರು "ಇದು ಯಾವಾಗ ಹೋಗಿತ್ತು?" ಅಂತ ಕೇಳಿದರು. ವಿಶ್ವ ಆರೋಗ್ಯ ಸಂಸ್ಥೆಯವರೇ ಮಾರ್ಚ್‌ನಲ್ಲಿ "ದೈಹಿಕ ಅಂತರ" ಅನ್ನೋಣ ಅಂದಿದ್ದರು. ನಮ್ಮ ಬೋರ್ಡುಗಳಲ್ಲಿ ಹಳೆಯದೇ ಇದೆ.

ಗಾಳಿಪಟ77 | 19 ಅಕ್ಟೋಬರ್, 12:30

ಎಲ್ಲದಕ್ಕೂ ಜಾತಿ ತರಬೇಕಾ? ಇಲ್ಲಿ ಕೊರೊನಾ ಬಗ್ಗೆ ಮಾತು ನಡೀತಿದೆ.

ಶೀರ್ ಖುರ್ಮಾ | 19 ಅಕ್ಟೋಬರ್, 12:41

ಅವರು ತಂದಿದ್ದಲ್ಲ, ಅಲ್ಲೇ ಇತ್ತು.

ನಿರ್ವಾಹಕ | 19 ಅಕ್ಟೋಬರ್, 12:55

ಗಾಳಿಪಟ77 ಅವರ ಮುಂದಿನ ಮೂರು ಪೋಸ್ಟ್ ತೆಗೆದಿದ್ದೇನೆ. ವಿಷಯ ಹೇಗೆ ಮಾತಾಡಿಸೋದು ಅನ್ನೋದು. ಹಲಗೆ ಸದ್ದು ಅವರು ಅದನ್ನೇ ಮಾತಾಡಿದ್ದಾರೆ.

ಅರಮನೆ ರಸ್ತೆ | 19 ಅಕ್ಟೋಬರ್, ಸಂಜೆ 4:05

ಮಧ್ಯಾಹ್ನದಿಂದ ಎರಡು ಸಲ ಬರೆದು ಅಳಿಸಿದೆ. ನಮ್ಮ ಅಜ್ಜಿ ತುಂಬಾ ಮಡಿ. ಹಾಲಿನವನಿಗೆ ಹೀಗೇ ಮೇಲಿಂದ ದುಡ್ಡು ಬಿಡುತ್ತಿದ್ದರು, ಈಗ ನೆನಪಾಯಿತು. ನಮಸ್ಕಾರ ಬಿಡಬೇಕು ಅಂತ ನನಗೆ ಈಗಲೂ ಅನಿಸಲ್ಲ. ಹೆಮ್ಮೆಯ ಮಾತು ವಾಪಸ್ ತಗೊಳ್ಳುತ್ತೇನೆ.

ಹಳೇ ಮೇಷ್ಟ್ರು | 19 ಅಕ್ಟೋಬರ್, ರಾತ್ರಿ 9:00

ತಡವಾಗಿ ಬಂದೆ. ಬಾಗಲಕೋಟೆ ಕಡೆಯವನು, ನಿವೃತ್ತ ಕನ್ನಡ ಮೇಷ್ಟ್ರು. ಉದ್ದ ಬರೆಯುವ ಚಟ ಇದೆ, ಸಹಿಸಿಕೊಳ್ಳಿ.

ಹರಳಯ್ಯನ ಕಥೆ ಬಹಳ ಜನಕ್ಕೆ ಗೊತ್ತು. ಹನ್ನೆರಡನೇ ಶತಮಾನದ ಕಲ್ಯಾಣ. ಚಪ್ಪಲಿ ಹೊಲಿಯುವ ಹರಳಯ್ಯ ದಾರಿಯಲ್ಲಿ ಬಸವಣ್ಣನಿಗೆ "ಶರಣು" ಅಂದ. ಬಸವಣ್ಣ "ಶರಣು ಶರಣಾರ್ಥಿ" ಅಂದ. ತಾನು ಒಂದು ಹೇಳಿದರೆ ಅವರು ಎರಡು ಹೇಳಿದರು, ಈ ಸಾಲ ತೀರಿಸೋದು ಹೇಗೆ ಅಂತ ಹರಳಯ್ಯ ಒದ್ದಾಡಿದ. ಗಂಡ ಹೆಂಡತಿ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನಿಗೆ ಚಪ್ಪಲಿ ಮಾಡಿದರು ಅಂತ ಕಥೆ. ತರಗತಿಯಲ್ಲಿ ಇದನ್ನು ಹೇಳುವಾಗ ಚರ್ಮದ ಭಾಗಕ್ಕೆ ಬಂದರೆ ಹುಡುಗರು ಮುಖ ಕಿವುಚುತ್ತಿದ್ದರು. ನನಗೆ ಮಾತ್ರ ಆ ಮೊದಲ ಸಾಲೇ ದೊಡ್ಡದು. ಅಲ್ಲಿ ಯಾರೂ ಯಾರನ್ನೂ ಮುಟ್ಟಿಲ್ಲ. ಬರೀ ಬಾಯಿ ಮಾತು. ಹಲಗೆ ಸದ್ದು ಅವರ ಅಂಗಡಿಯವನೂ ಮುಟ್ಟಲಿಲ್ಲ. ಎರಡೂ ಒಂದೇ ಅಂತ ಯಾರಾದರೂ ಹೇಳುತ್ತಾರಾ?

ಇನ್ನು ಬನ್ನಿ ವಿಷಯ. ಮೊದಲು ದೂರದೂರಲ್ಲಿ ಇರುವವರಿಗೆ ಬನ್ನಿ ಎಲೆಯನ್ನು ಲಕೋಟೆಯಲ್ಲಿ ಇಟ್ಟು ಕಳಿಸುತ್ತಿದ್ದೆವು. ಸಂಕ್ರಾಂತಿಗೆ ಕುಸರೆಳ್ಳು ಇಟ್ಟ ಹಾಗೆ. ನಾನು ಟಿಸಿಎಚ್ (ಶಿಕ್ಷಕರ ತರಬೇತಿ) ಓದುವಾಗ ಅಪ್ಪನಿಂದ ವರ್ಷಕ್ಕೆ ಬರುತ್ತಿದ್ದದ್ದು ಎರಡೇ ಪತ್ರ. ಒಂದು ದಸರಾದ್ದು. ಅದರಲ್ಲಿ ಅಕ್ಷರ ಕಡಿಮೆ, ಎಲೆ ಜಾಸ್ತಿ. ಆಮೇಲೆ ಫೋನ್ ಬಂತು, ಎಲೆಯ ಚಿತ್ರ ಕಳಿಸೋಕೆ ಶುರು ಮಾಡಿದೆವು. ಈ ಸಲ ನಾನು ಹದಿನಾಲ್ಕು ಲಕೋಟೆ ತಂದಿಟ್ಟಿದ್ದೇನೆ. ಒಂದಕ್ಕೆ ಐದು ರೂಪಾಯಿ. ಪೋಸ್ಟ್ ಮಾಸ್ತರ "ಏನ್ರೀ ಸರ, ಕೋರ್ಟ್ ಕೇಸಾ?" ಅಂತ ಕೇಳಿದ.

ಡಚ್ ಮಳೆ | 19 ಅಕ್ಟೋಬರ್, 9:45

ಮೇಷ್ಟ್ರೇ, ನನ್ನ ಅಮ್ಮ ಗದಗದಲ್ಲಿ ಒಬ್ಬಳೇ ಇದ್ದಾಳೆ. ನಿಮಗೆ ಖಾಸಗಿಯಾಗಿ ಬರೆಯುತ್ತೇನೆ. ಹದಿನೈದನೇ ಲಕೋಟೆ ಆಗುತ್ತಾ?

ಹಳೇ ಮೇಷ್ಟ್ರು | 19 ಅಕ್ಟೋಬರ್, 9:52

ಆಗುತ್ತದಪ್ಪ. ಪಿನ್‌ಕೋಡ್ ಸರಿಯಾಗಿ ಬರಿ.

ಪೇಡೆ ಪ್ರಿಯ | 27 ಅಕ್ಟೋಬರ್, ರಾತ್ರಿ 10:20

ಊರಲ್ಲಿ ಏನಾಯಿತು ಅಂತ ಬರೆಯುತ್ತೇನೆ.

20ಕ್ಕೆ ಬೆಳಿಗ್ಗೆ ಊರು ತಲುಪಿದೆ. ಬಸ್ಸಿನಲ್ಲಿ ಮಾಸ್ಕ್ ದಂಡ 250 ರೂಪಾಯಿಗೆ ಇಳಿಯಿತು ಅಂತ ಖುಷಿಪಟ್ಟು ಮಾಸ್ಕ್ ತೆಗೆದವರೇ ಅರ್ಧ ಜನ. ಸಿಸ್ಟರ್ ಹೇಳಿದ ಹಾಗೆ ದನದ ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಮಲಗಿದೆ. ಊಟ ಕಿಟಕಿಯಿಂದ. ಅಜ್ಜಿ ದಿನಾ ಅಂಗಳದ ಆ ಕಡೆ ಕೂತು ನನ್ನನ್ನು ನೋಡಿ "ಪಾಪ, ಮೈಲಿಗಿ ಆದಾಕಿ ಹಂಗ ಹೊರಗ ಹಾಕ್ಯಾರ" ಅಂತ ಅಪ್ಪನಿಗೆ ಬೈಯುತ್ತಿದ್ದಳು. ಅವಳು ಅದನ್ನು ಚೇಷ್ಟೆಗೆ ಹೇಳಿದ್ದಲ್ಲ. ಅವಳೂ ತಿಂಗಳಿಗೆ ಮೂರು ದಿನ ಅದೇ ಕೋಣೆಯಲ್ಲಿ ಕೂತವಳು. ಇದು ನನಗೆ ಗೊತ್ತೇ ಇರಲಿಲ್ಲ.

ದಸರಾ ದಿನ ಊರಲ್ಲಿ ಮೂರು ಥರ ಆಯಿತು. ಕೆಲವು ಮನೆಯವರು ಕಟ್ಟೆ ಮೇಲೆ ಪುಟ್ಟಿಯಲ್ಲಿ ಬನ್ನಿ ಇಟ್ಟು, ಬಂದವರು ತಾವೇ ತಗೊಂಡು ತಮ್ಮದನ್ನು ಹಾಕಿ ಹೋಗುವ ಹಾಗೆ ಮಾಡಿದ್ದರು. ನಮ್ಮದೂ ಹಾಗೇ. ಕೆಲವರು ಬಾಗಿಲು ಹಾಕಿಕೊಂಡರು. ಮಿಕ್ಕವರು "ಕೊರೊನಾ ಬೆಂಗಳೂರಾಗ ಐತಿ, ಇಲ್ಲಿ ಎಲ್ಲಿ ಐತಿ" ಅಂತ ಪ್ರತಿ ವರ್ಷದ ಹಾಗೆ ಅಪ್ಪಿಕೊಂಡರು. ಬೆಂಗಳೂರಿನವನು ನಾನೇ, ಹಾಗಾಗಿ ನನ್ನನ್ನು ಮಾತ್ರ ಯಾರೂ ಅಪ್ಪಿಕೊಳ್ಳಲಿಲ್ಲ. ನನ್ನ ಕೆಲಸ ಸುಲಭವಾಯಿತು!

ಬದುವಿನ ಜಗಳದ ದೊಡ್ಡಪ್ಪ ಬಂದಿದ್ದರು. ಅಪ್ಪನೂ ಅವರೂ ಎರಡು ವರ್ಷದಿಂದ ಮಾತಿಲ್ಲ. ಪುಟ್ಟಿಯಲ್ಲಿ ಎಲೆ ಹಾಕಿ, ಒಂದು ಎಲೆ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ಹೋದರು. ಕೈಗೆ ಕೊಟ್ಟಿದ್ದರೆ ಮಾತಾಡಲೇಬೇಕಾಗುತ್ತಿತ್ತು. ಪುಟ್ಟಿ ಇದ್ದದ್ದರಿಂದ ಇಬ್ಬರೂ ತಪ್ಪಿಸಿಕೊಂಡರು. ಅಪ್ಪ ಈಗ ಇದು ಲೆಕ್ಕಕ್ಕೆ ಬರುತ್ತದಾ ಇಲ್ವಾ ಅಂತ ಯೋಚನೆ ಮಾಡುತ್ತಾ ಕೂತಿದ್ದಾರೆ. ಮೇಷ್ಟ್ರೇ, ಬರುತ್ತದಾ?

ಅಜ್ಜಿಗೆ ನಾನು ಅಂಗಳದಿಂದ ಅಡ್ಡಬಿದ್ದೆ. ಅವಳು ಕಟ್ಟೆ ಮೇಲಿಂದ ಗಾಳಿಯಲ್ಲೇ ನನ್ನ ಕೆನ್ನೆ ಸವರಿ, ಬೆರಳು ಮಡಚಿ ಕಣತಲೆಗೆ ಒತ್ತಿದಳು.

ಹಳೇ ಮೇಷ್ಟ್ರು | 27 ಅಕ್ಟೋಬರ್, 10:34

ಎಲೆ ಎತ್ತಿಕೊಂಡು ಹೋಗಿದ್ದಾರಲ್ಲ, ಬರುತ್ತದೆ. ಅಪ್ಪನಿಗೆ ನಾಳೆ ಅವರ ಮನೆಗೆ ಫೋನ್ ಹಚ್ಚಲು ಹೇಳಿ. ಮೊದಲು ಮಳೆ ಬೆಳೆ ಕೇಳಲಿ. ಬದು ಆಮೇಲೆ.

ಬಿಳಿಕೋಲು | 27 ಅಕ್ಟೋಬರ್, 10:41

ಲಟಿಕೆ ಅಂಗಳದವರೆಗೆ ಕೇಳಿಸಿತಾ? ಎಷ್ಟು ಬಂತು?

ಪೇಡೆ ಪ್ರಿಯ | 27 ಅಕ್ಟೋಬರ್, 10:43

ಕೇಳಿಸಿತು ಸರ್. ಏಳು. ಎಂಟನೇ ಬೆರಳಿಗೆ ವಾತ.